ಬಂದೂಕಿನ ಬಾಯಿ, ಬಾಜೂದವರ ಕಿವಿ

ಹೋದ ಸಲ ಇಲ್ಲೆ ಟೆಕ್ಸಾಸ್ ಬಿಸಲಾಗ ಸಂಡಿಗಿ ಹಾಕಿದ ಕಥಿ ಬರದಿದ್ದೆ. ಬೆಟಗೇರಿಯಿಂದ ಬೆಂಗಳೂರ ತನಕ ಅಕ್ಕ-ತಂಗ್ಯಾರೆಲ್ಲಾ ಓದಿ ಫೋನ್ ಮಾಡಿದ್ರಿ, ಭಾಳ ಖುಷಿ ಆತು. ಮೊನ್ನೆ ನಮ್ಮ ಸೋದರತ್ತಿ, "ಈ ಸಲ ಏನ ಬರೀತಿ?" ಅಂತ ಕೇಳಿದ್ಲು. "ಬಂದೂಕಿನ ವಿಷಯ" ಅಂದೆ. ಒಂದು ಗಳಿಗಿ ಆ ಕಡಿಂದ ಮಾತ ಇಲ್ಲ. ಆಮ್ಯಾಲೆ, "ಯವ್ವಾ, ಮೈಯಾಗ ಆರಾಮ ಅದಿ ಇಲ್ಲ?" ಅಂದ್ಲು.

ಆರಾಮ ಅದೀನಿ ಅತ್ತಿ. ಪೂರ್ತಿ ಓದು, ಆಮ್ಯಾಲೆ ಬೈ.

ನಿಮಗ ಗೊತ್ತಿದ್ದಂಗ ನನ್ನ ಮಗಗ ಈಗ 15 ವರ್ಷ. ಹನ್ನೊಂದರಾಗ ಇದ್ದಾಗ ಇಲ್ಲಿಯ ಫೋರ್-ಎಚ್ ಅನ್ನೋ ಹುಡುಗರ ಸಂಘಕ್ಕ ಸೇರಿದ. ಅಲ್ಲೆ ಹೊಲ, ಕೋಳಿ, ಆಡು, ಅಡಿಗಿ ಎಲ್ಲಾ ಕಲಿಸ್ತಾರ, ಅದರಾಗ ಗುರಿ ಹೊಡಿಯೂದೂ ಒಂದು. ನಾ ಇಂವ ಆಡು ಸಾಕ್ತಾನ ಅಂತ ತಿಳ್ಕೊಂಡಿದ್ದೆ, ಇಂವ ಏರ್ ರೈಫಲ್ ಹಿಡದ. ಅಭಿನವ್ ಬಿಂದ್ರಾ 2008ರಾಗ ಒಲಿಂಪಿಕ್ಸ್ ಬಂಗಾರ ತಂದಿದ್ದು ಅದರಾಗನ. ಟಪ್ ಅಂತ ಇಷ್ಟ ಸಪ್ಪಳ, ಹಪ್ಪಳ ಮುರದಂಗ. ಅಲ್ಲಿ ತನಕ ನನಗೇನೂ ತ್ರಾಸ ಇರಲಿಲ್ಲ. ಎರಡು ವರ್ಷ ಆದ ಮ್ಯಾಲೆ ಖರೇ ಮದ್ದಿನ ರೈಫಲ್ ಬಂತು. ಅವರಪ್ಪನ ಜೋಡಿ ತಿಂಗಳಿಗೊಮ್ಮೆ, ಎರಡನೇ ಶನಿವಾರ, ಊರ ಹೊರಗಿನ ಒಂದು ಕ್ಲಬ್ಬಿಗೆ ಪಂದ್ಯಕ್ಕ ಹೋಗಾಕ ಹತ್ತಿದ.

ಮೊದಲ ವರ್ಷ ನಾ ಕಾರಿನ್ಯಾಗ ಎ.ಸಿ. ಹಾಕ್ಕೊಂಡು ಕ್ರೋಶಾ ಹೆಣಕೋತ ಕುಂದರ್ತಿದ್ದೆ. ನಮ್ಮ ಮನ್ಯಾಗ ಯಾರೂ ಬಂದೂಕು ಕೈಯಾಗ ಹಿಡದವರಲ್ಲ. ಕೊಡಗಿನ ಕಡೆ ಕೈಲ್ ಪೊಳ್ದ್ ಹಬ್ಬಕ್ಕ ತೆಂಗಿನಕಾಯಿಗೆ ಗುಂಡು ಹೊಡಿಯೂ ಪಂದ್ಯ ಇರ್ತಾವ ಅಂತ ಪೇಪರಿನ್ಯಾಗ ಓದಿದ್ದೆ, ಅಷ್ಟ. ಆದ್ರ ಒಂದು ಸಲ ಕೆಳಗ ಇಳದು ನೋಡಿದೆ. ಎಲ್ಲಾರೂ ಚಾಪಿ ಹಾಸ್ಕೊಂಡು ಸಾಲಾಗಿ ಮಲಗ್ಯಾರ. ಬಂದೂಕು ಖಾಲಿ ಐತಿ ಅಂತ ತೋರಸಾಕ ಅದರ ಹೊಟ್ಟ್ಯಾಗ ಹಳದಿ ಪ್ಲಾಸ್ಟಿಕ್ ಕಡ್ಡಿ ಚುಚ್ಚಿಟ್ಟಾರ. ಒಬ್ಬಾಕಿ ಮೈಕಿನ್ಯಾಗ ಹೇಳೂ ತನಕ ಯಾರೂ ಮುಟ್ಟಂಗಿಲ್ಲ. ನಮ್ಮ ಮದಿವಿ ಪಂಗತಿಯೊಳಗೂ ಅಷ್ಟ ಶಿಸ್ತು ನಾ ಕಂಡಿಲ್ಲ. ಆಮ್ಯಾಲೆ ಚಹಾದ ಫ್ಲಾಸ್ಕ್ ತಗೊಂಡು ಅಲ್ಲೇ ಕುಂದರಾಕ ಹತ್ತಿದೆ. ಹೋದ ವರ್ಷ ಕ್ಲಬ್ಬಿನ ಕಾರ್ಯದರ್ಶಿ ಬ್ಯಾರೆ ಊರಿಗೆ ಹೋದ್ರು, "ನಿಮ್ಮ ಬರವಣಿಗಿ ಛಲೋ ಐತಿ" ಅಂತ ನನ್ನ ಕೊಳ್ಳಿಗೆ ಕಟ್ಟಿದ್ರು. ಅಮೇರಿಕಾ ಇರಲಿ, ಬೆಟಗೇರಿ ಇರಲಿ, ಸಭಾದಾಗ ಬರಕೊಳ್ಳೋ ಕೆಲಸ ಹೆಂಗಸರಿಗೇ ಬರ್ತೈತಿ ನೋಡ್ರಿ.

ಈಗ ಬ್ರೇಕಿಗೆ ಬರ್ತೀನಿ. ಮಝಲ್ ಬ್ರೇಕ್ ಅಂತಾರ ಅದಕ್ಕ. ಬಂದೂಕಿನ ಬಾಯಿಗೆ ತಿರುವಿ ಕುಂದ್ರಸೋ ಉಕ್ಕಿನ ತುಂಡು, ಹೆಬ್ಬಟ್ಟಿಗಿಂತ ಸ್ವಲ್ಪ ಉದ್ದ, ಎರಡೂ ಬಾಜೂಕ ಸೀಳು ಇರ್ತಾವ. ಗುಂಡು ಹೊರಗ ಹೋಗೂ ಮುಂದ ಅದರ ಬೆನ್ನಿಗೆ ಸುಟ್ಟ ಮದ್ದಿನ ಗ್ಯಾಸ್ ಭರ್ರನ ಬರ್ತೈತಿ. ಗುಂಡು, ಗ್ಯಾಸ್ ಎರಡೂ ಮುಂದಕ್ಕ ಹಾರಿದ್ದಕ್ಕ ಬಂದೂಕು ಹಿಂದಕ್ಕ ಬಂದು ಹೆಗಲಿಗೆ ಒದೀತೈತಿ. ಬ್ರೇಕ್ ಹಾಕಿದ್ರ ಆ ಗ್ಯಾಸ್ ಮುಂದ ಹೋಗೂದರ ಬದಲಿ ಸೀಳಿನಿಂದ ಬಾಜೂಕ, ಸ್ವಲ್ಪ ಹಿಂದಕ್ಕೂ ಹೊರಳ್ತೈತಿ. ಹೊರಳೂ ಮುಂದ ಉಕ್ಕಿನ ಗ್ವಾಡಿಗೆ ಬಡದು ಬಂದೂಕನ್ನ ಮುಂದಕ್ಕ ಜಗ್ತೈತಿ. ಒದಿಯೂದು ಮೂರನೇ ಒಂದು ಭಾಗ ಕಮ್ಮಿ ಆಗ್ತೈತಿ, ಕೆಲವು ಬ್ರೇಕಿನಾಗ ಅರ್ಧಕ್ಕ ಅರ್ಧ. ಹುಡುಗನ ಎಳೇ ಹೆಗಲಿಗೆ ಇದು ದೊಡ್ಡ ಆಸರ. ಇನ್ನೊಂದು ಲಾಭ, ಬಂದೂಕು ಜಿಗಿಯೂದಿಲ್ಲಾದ್ದರಿಂದ ದುರ್ಬೀನಿನ್ಯಾಗ ತನ್ನ ಗುಂಡು ಎಲ್ಲಿ ಬಡೀತು ಅಂತ ತಾನ ನೋಡಬಹುದು.

ಆದ್ರ ಗ್ಯಾಸ್ ಬಾಜೂಕ ಬಂತು ಅಂದ್ರ ಸಪ್ಪಳನೂ ಬಾಜೂಕ ಬಂತಲ್ಲ. ಕುಕ್ಕರಿನ ಉಗಿ ಮ್ಯಾಲೆ ಹೋದ್ರ ಛತ್ತಿಗೆ ಬಡೀತೈತಿ. ಅದನ್ನ ಬಾಜೂಕ ತಿರುವಿದ್ರ ಒಲಿ ಮುಂದ ಜೋಡಿ ನಿಂತ ನೆಗೆಣ್ಣಿ ಮಾರಿಗೆ ಬಡೀತೈತಿ. ಹೊಡದಾಂವನ ಹೆಗಲಿಗೆ ಬೀಳೂ ಪೆಟ್ಟನ್ನ ಎತ್ತಿ ಬಾಜೂಕ ಮಲಗಿದವರ ಕಿವಿಗೆ ಕೊಟ್ಟಂಗ ಆತು.

ಬ್ರೇಕ್ ಇಲ್ಲದನ ಇಂಥ ರೈಫಲ್ಲಿನ ಸಪ್ಪಳ 160 ಡೆಸಿಬಲ್ ಹತ್ರ ಇರ್ತೈತಿ. ಒಮ್ಮೆಗೇ ಬಡಿಯೂ ಸಪ್ಪಳಕ್ಕ ಇಲ್ಲಿ ಕಾರ್ಮಿಕರ ಕಾಯ್ದೆಯೊಳಗ ಇಟ್ಟ ಗೆರಿ 140. ಈ ಡೆಸಿಬಲ್ ಲೆಕ್ಕ ನಮ್ಮ ತೂಕದ ಲೆಕ್ಕದಂಗಲ್ಲ. 10 ಹೆಚ್ಚಾತು ಅಂದ್ರ ಸಪ್ಪಳದ ಶಕ್ತಿ ಹತ್ತು ಪಟ್ಟು ಆತು ಅಂತ ಅರ್ಥ. ಕಿವಿಯೊಳಗ ಫೋಮಿನ ಬೆಂಡು, ಮ್ಯಾಲೆ ದೊಡ್ಡ ಮುಚ್ಚಳ, ಎರಡೂ ಹಾಕ್ಕೊಂಡ್ರ 60 ಕಮ್ಮಿ ಆಗ್ತೈತಿ ಅಂತ ನಾ ತಿಳಕೊಂಡಿದ್ದೆ. ಹಂಗಲ್ಲಂತ. ಒಂದು ಹಾಕಿದ್ರ ಮೂವತ್ತರ ಆಸುಪಾಸು, ಅದರ ಮ್ಯಾಲೆ ಎರಡನೇದ್ದು ಹಾಕಿದ್ರ ಬರೇ ಐದು ಹೆಚ್ಚಿಗಿ. ಸಪ್ಪಳ ತಲಿಬುರುಡಿ ಎಲವಿನ್ಯಾಗಿಂದನೂ ಒಳಗ ಹೋಗ್ತೈತಿ. ಬ್ರೇಕ್ ಇದ್ರ ಬಾಜೂದವರ ಪಾಲಿಗೆ ಹಲವು ಡೆಸಿಬಲ್ ಏರ್ತೈತಿ, ಅದರ ಜೋಡಿ ಗಾಳಿ ಎದಿಗೆ ಗುದ್ದಿದಂಗ ಬಡೀತೈತಿ, ಧೂಳು ಏಳ್ತೈತಿ. ನಮ್ಮ ಕ್ಲಬ್ಬಿನ್ಯಾಗ ನೆಳ್ಳಿಗಂತ ಮ್ಯಾಲೆ ತಗಡು ಹೊದಿಸ್ಯಾರ. ಅದು ಸಪ್ಪಳನ್ನ ತಿರುಗಿ ಕೆಳಗ ಒಗೀತೈತಿ.

ಇದನ್ನ ಅಳಿಯಾಕ ನಾ ಫೋನಿನ್ಯಾಗ ಒಂದು ಆ್ಯಪ್ ಹಾಕ್ಕೊಂಡು ಹೋಗಿದ್ದೆ. ಯಾವ ಬಂದೂಕು ಹೊಡದ್ರೂ ಹೆಚ್ಚೂಕಮ್ಮಿ ಒಂದ ಅಂಕಿ ತೋರಿಸ್ತು. ನಾನು ದೊಡ್ಡ ಸಂಶೋಧಕಿ ಗತೆ, "ನೋಡ್ರಿ, ಬ್ರೇಕಿನಿಂದ ಫರಕೇ ಇಲ್ಲ" ಅಂತ ಹೇಳಿಕೋತ ಹೊಂಟಿದ್ದೆ. ನಮ್ಮ ಮನ್ಯಾವರು ನಕ್ಕು, "ಫೋನಿನ ಮೈಕಿಗೆ ಇಷ್ಟು ಜೋರಿಂದು, ಇಷ್ಟು ಲಗೂ ಮುಗಿಯೂದು ಹಿಡಿಯಾಕ ಬರೂದಿಲ್ಲ. ಅದರ ಕೈಲಾದಷ್ಟಕ್ಕ ಮುಟ್ಟಿ ನಿಂತು ಬಿಡ್ತೈತಿ" ಅಂದ್ರು. ಪುಣ್ಯಾಕ ಇನ್ನೂ ಯಾರಿಗೂ ಹೇಳಿರಲಿಲ್ಲ.

ಏಪ್ರಿಲ್ ಪಂದ್ಯದಾಗ ನನ್ನ ಮಗನ ಎಡಕ್ಕ ಒಬ್ಬಾಕಿ ನರ್ಸಬಾಯಿ ಮಲಗಿದ್ರು. ನೌಕರಿಯಿಂದ ನಿವೃತ್ತಿ ಆಗ್ಯಾರ, ಅರವತ್ತು ದಾಟಿರಬೇಕು. ಅವರ ಕಿವಿಯೊಳಗ ಹಗಲೂ ರಾತ್ರಿ ಗುಂಯ್ ಅಂತ ಸಪ್ಪಳ ಇರ್ತೈತಂತ, ಅದಕ್ಕ ಟಿನ್ನಿಟಸ್ ಅಂತಾರ. ಎರಡೂ ಥರದ ಕಿವಿಮುಚ್ಚಳ ಹಾಕ್ಕೊಂಡ ಬರ್ತಾರ. ನನ್ನ ಮಗ ಹೊಸದಾಗಿ ಬ್ರೇಕ್ ಹಾಕಿಸಿದ್ದ. ಮೊದಲನೇ ಗುಂಡಿಗೆ ನರ್ಸಬಾಯಿ ಬರಕೊಳ್ಳೋ ವಹಿ ಹಾಳಿ ಹಾರಿದ್ವು. ಎರಡನೇದಕ್ಕ ಅವರು ಎದ್ದು ಕುಂತ್ರು, ಮುಚ್ಚಳದ ಮ್ಯಾಲೆ ಕೈ ಒತ್ತಿ ಹಿಡಕೊಂಡ್ರು. ನಾಲ್ಕನೇದಕ್ಕ ಕೈ ಎತ್ತಿ ನಿಲ್ಲಿಸಿ, ಬಂದೂಕು ಖಾಲಿ ಮಾಡಿ, ಚಾಪಿ ಸುತ್ತಿಕೊಂಡು ಹೋದ್ರು. ಒಂದು ಮಾತು ಆಡಲಿಲ್ಲ. ಬೈದಿದ್ರ ಛಲೋ ಇತ್ತು.

ಕಾರಿನ್ಯಾಗ ಬರೂ ಮುಂದ ಮಗ ಅಂದ, "ನಂದೇನ ತಪ್ಪು? ಬ್ರೇಕ್ ಹಾಕಬಾರದು ಅಂತ ನಿಯಮ ಎಲ್ಲೈತಿ? ನನ್ನ ಬಂದೂಕು, ನನ್ನ ಜಾಗಾದಾಗ ಮಲಗಿ ಹೊಡದೆ."

ನನಗ ಝಗ್ಗಂತು. ಈ ಮಾತು ನಾ ಮದಲ ಕೇಳಿದ್ದೆ. ನಮ್ಮಪ್ಪನ ಬಾಯಿಂದ.

ಬೆಟಗೇರಿ ಮನಿ ಕಂಡವರಿಗೆ ನೆನಪಿರಬೇಕು, ಮುಂದಿನ ಪಡಸಾಲ್ಯಾಗ ನಾಲ್ಕು ಪವರ್‌ಲೂಮ್ ಮಗ್ಗ ಇದ್ವು. ಕರೆಂಟ್ ಇದ್ದಷ್ಟು ಹೊತ್ತೂ ಖಟಪಟ ಖಟಪಟ. ನಾವು ಮಾತಾಡೂದು ಕೈಸನ್ನಿ, ಬಾಯಿಸನ್ನಿಯಿಂದ. ಈಗಲೂ ನಾ ಜೋರ ಮಾತಾಡ್ತೀನಿ ಅಂತ ನಮ್ಮವರು ಬೈತಾರ, ಅದು ಅಲ್ಲಿಯ ರೂಢಿ. ನಮ್ಮ ಮನಿಗೂ ಬಾಜೂಮನಿ ಕಾಕುಗೂ ಒಂದ ಗ್ವಾಡಿ. ನಾ ನಾಲ್ಕನೇ ಇಯತ್ತೆ ಇದ್ದಾಗ ಕಾಕುನ ಮಗಳು ಹಡಿಯಾಕ ತವರಿಗೆ ಬಂದಿದ್ಲು. ಕೂಸು ಒಂದು ಗಳಿಗಿ ಮಲಗವಲ್ದು, ಬಾಣಂತಿ ಅಳಾಕ ಹತ್ತಿದ್ಲು. ಕಾಕು ಅಪ್ಪಗ ಒಂದು ಸಲ ಹೇಳಿ ಕಳಿಸಿದ್ಲು. ಅಪ್ಪ, "ನಮ್ಮ ಮಗ್ಗ ನಮ್ಮ ಮನ್ಯಾಗ ನಡಿತಾವ, ಅವರ ಮನ್ಯಾಗ ಇಟ್ಟೀವೇನು?" ಅಂದಿದ್ದ.

ಮರುದಿನ ಮಧ್ಯಾಹ್ನ ಕಾಕು ಕೂಸಿನ್ನ ಎತ್ತಿಕೊಂಡು ನಮ್ಮ ಬಾಗಲಾಗ ಬಂದು ನಿಂತ್ಲು. ಏನೋ ಹೇಳಿದ್ಲು, ಮಗ್ಗದ ಸಪ್ಪಳದಾಗ ಒಂದಕ್ಷರ ಕೇಳಲಿಲ್ಲ. ಕೂಸು ಬಾಯಿ ತಗದು ಅಳೂದು ಕಾಣತಿತ್ತು, ಅದರ ದನಿನೂ ಕೇಳತಿರಲಿಲ್ಲ. ಅಪ್ಪ ಅದನ್ನ ನೋಡಿ ಒಂದೊಂದ ಮಗ್ಗ ಬಂದ್ ಮಾಡಿದ. ನಾಲ್ಕೂ ನಿಂತ ಮ್ಯಾಲೆ ಆ ಅಳು ಮನಿ ತುಂಬ ಕೇಳಿಸ್ತು. ಅವತ್ತಿನಿಂದ ಬಾಣಂತನ ಮುಗಿಯೂ ತನಕ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಮಗ್ಗ ಬಂದ್. ಓಣಿಯಾಗ ಎಲ್ಲಾರೂ ಅಪ್ಪನ್ನ ಹೊಗಳಿದ್ರು. ಈ ಕಥಿ ನಾ ನಿಮಗ ಎಷ್ಟು ಸಲ ಹೇಳೀನಿ, ಪ್ರತಿ ಸಲ ಇಲ್ಲಿಗೇ ಮುಗಿಸೀನಿ.

ಮೇ ತಿಂಗಳ ಸಭಾದಾಗ ಬ್ರೇಕಿನ ವಿಷಯ ಬಂತು. ನಾನ ತಂದೆ. ಶುರುವಿಗೇ, "ಬ್ರೇಕ್ ಹಾಕಿದ ಹುಡುಗ ನನ್ನ ಮಗ, ಅದಕ್ಕ ನಾ ಬರಕೋತೀನಿ, ಮಾತಾಡ್ತೀನಿ, ಆದ್ರ ಕೈ ಎತ್ತೂದಿಲ್ಲ" ಅಂತ ಹೇಳಿ ಕುಂತೆ. ಸಮಿತಿಯಾಗ ನನ್ನ ಹಿಡದು ಒಂಬತ್ತು ಮಂದಿ.

ಒಬ್ಬರು, "ಪೂರಾ ಬ್ಯಾಡ ಅಂದು ಬಿಡೂಣು, ಎಫ್-ಕ್ಲಾಸ್ ಪಂದ್ಯದಾಗ ಬ್ಯಾಡ ಅಂತನ ಐತಿ" ಅಂದ್ರು. ಅದು ಖರೆ. ಎಫ್-ಕ್ಲಾಸ್ ಅಂದ್ರ ದೂರದ ಗುರಿಗೆ ಸಾಲಾಗಿ ಮಲಗಿ ಹೊಡಿಯೂ ಪಂದ್ಯ, ಅಲ್ಲೆ ಬ್ರೇಕಿಗೆ ಜಾಗಾ ಇಲ್ಲ. ಆದ್ರ ಅಲ್ಲೆ ಬಂದೂಕಿನ ತೂಕ 8.25 ಕಿಲೋ ತನಕ, ಓಪನ್ ಅನ್ನೋ ವಿಭಾಗದಾಗ 10 ಕಿಲೋ ತನಕ ಇಡಬಹುದು. ತೂಕ ಇದ್ದ ಬಂದೂಕು ತಾನ ಕಮ್ಮಿ ಒದೀತೈತಿ, ರೊಟ್ಟಿ ಬಡಿಯೂ ಕಲ್ಲು ಭಾರ ಇದ್ರ ಅಲಗಾಡೂದಿಲ್ಲಲ್ಲ, ಹಂಗ. ನಮ್ಮಲ್ಲಿಗೆ ಬರೂ ಮಂದಿ ಹಗುರ ಬೇಟಿ ಬಂದೂಕು ತರ್ತಾರ. ಇನ್ನೊಬ್ಬರು, "ಪಿ.ಆರ್.ಎಸ್. ಪಂದ್ಯದಾಗ ಎಲ್ಲಾರೂ ಬ್ರೇಕ್ ಹಾಕ್ಕೊಂಡ ಬರ್ತಾರ, ಯಾರೂ ಸತ್ತಿಲ್ಲ" ಅಂದ್ರು. ಅದೂ ಖರೆ. ಆದ್ರ ಅಲ್ಲೆ ಒಂದು ಜಾಗಾದಾಗ ಸಾಮಾನ್ಯವಾಗಿ ಒಬ್ಬರ ಹೊಡೀತಾರ, ಉಳಿದವರು ಹಿಂದ ದೂರ ನಿಂತಿರ್ತಾರ. ಬಾಜೂಕ ಮಲಗಿ ತಮ್ಮ ಗುರಿ ನೋಡೂ ಮನಷ್ಯಾ ಅಲ್ಲೆ ಇರೂದಿಲ್ಲ. ಒಂದು ಊರಿನ ನಿಯಮ ಇನ್ನೊಂದು ಊರಿಗೆ ಎತ್ತಿ ತರೂ ಮುಂದ ಅಲ್ಲಿ ಮಂದಿ ಹ್ಯಾಂಗ ಕುಂದರ್ತಾರ, ಹ್ಯಾಂಗ ಮಲಗ್ತಾರ ಅಂತ ನೋಡಬೇಕು. ಇಷ್ಟಾದ್ರೂ ನನಗ ತಿಳೀತು.

ಒಬ್ಬ ಅಜ್ಜ ಇದ್ದಾರ, ಹೆಗಲಿಗೆ ಆಪರೇಷನ್ ಆಗೈತಿ. "ಬ್ರೇಕ್ ತಗದ್ರ ನಾ ಮನಿಗೆ ಹೋಗ್ತೀನಿ, ಅಷ್ಟ" ಅಂದ್ರು. ಸಿಟ್ಟಿಲೆ ಅಲ್ಲ, ಇದ್ದದ್ದು ಹೇಳಿದ್ರು.

"ಪಂದ್ಯದ ದಿವಸ ತಿರುವಿ ತಗದು ಇಟ್ರ ಆತು, ಅದಕ್ಕೇನು" ಅಂತ ನಾನ ಕೇಳಿದೆ. ಅದೂ ಅಷ್ಟು ಸಲೀಸಲ್ಲ. ಬ್ರೇಕ್ ತಗದ್ರ ಗುಂಡು ಬಡಿಯೂ ಜಾಗಾ ಸರಿದು ಹೋಗ್ತೈತಿ, ಹೊಸದಾಗಿ ದುರ್ಬೀನು ಹೊಂದಿಸಬೇಕು. ಸಪ್ರೆಸರ್, ಅಂದ್ರ ಸಿನಿಮಾದಾಗ ಸೈಲೆನ್ಸರ್ ಅಂತಾರಲ್ಲ ಅದು, ಹಾಕಿದ್ರ ಒದಿಯೂದೂ ಕಮ್ಮಿ, ಸಪ್ಪಳನೂ ಇಪ್ಪತ್ತು ಮೂವತ್ತು ಡೆಸಿಬಲ್ ಇಳೀತೈತಿ. ಎಲ್ಲಾರಿಗೂ ಒಳ್ಳೇದು ಅದನ. ಆದ್ರ 1934ರ ಕಾಯ್ದೆ ಪ್ರಕಾರ ಸರಕಾರದಾಗ ನೋಂದಣಿ ಮಾಡಿಸಿ, ಬೆರಳಚ್ಚು ಕೊಟ್ಟು, ಒಪ್ಪಿಗಿ ಬರೂ ತನಕ ಕಾಯಬೇಕು. ಬೆಲೆ ಕೆಲವೊಮ್ಮೆ ಬಂದೂಕಿನಷ್ಟ. ಎಲ್ಲಾರಿಗೂ ಅದನ್ನ ತರ್ರಿ ಅಂತ ಹೇಳೂದು, ಬಡವರ ಮನಿ ಮದಿವಿಗೆ ಎಲ್ಲಾರೂ ರೇಷ್ಮಿ ಉಟಗೊಂಡ ಬರ್ರಿ ಅಂದಂಗ.

ಯಾರೋ ಒಬ್ಬರು ನನ್ನ ಮಾರಿ ನೋಡಿ, "ಸಣ್ಣ ಹುಡುಗರಿಗೆ ವಿನಾಯಿತಿ ಕೊಡೂಣು" ಅಂದ್ರು. ನನ್ನ ಮ್ಯಾಲಿನ ಪ್ರೀತಿಲೆ ಹೇಳಿದ್ದು. ಬ್ಯಾಡ ಅಂದೆ. ಹದಿನೈದು ವರ್ಷದಾಂವ ಹೊಡದ್ರ ಸಪ್ಪಳ ಸಣ್ಣದಾಗ್ತೈತೇನು?

ಕಡಿಗೆ ಆದದ್ದು ಹಿಂಗ. ನಮ್ಮಲ್ಲಿ ಒಮ್ಮೆಗೆ ಹನ್ನೆರಡು ಮಂದಿ ಮಲಗಿ ಹೊಡಿಯಾಕ ಜಾಗಾ ಐತಿ, ಒಂದು ಪಂದ್ಯಕ್ಕ ಎರಡು ಪಾಳಿ. ಬ್ರೇಕ್ ಇದ್ದವರೆಲ್ಲಾ ಒಂದ ಪಾಳಿಯಾಗ. ಆ ಪಾಳಿಯಾಗ ಜಾಗಾ ಉಳದ್ರ ಬ್ರೇಕ್ ಇಲ್ಲದವರು ತಾವಾಗಿ ಒಪ್ಪಿ ಸಹಿ ಮಾಡಿ ಬರಬಹುದು, ಯಾರನ್ನೂ ದೂಡಂಗಿಲ್ಲ. ಕಿವಿಗೆ ಎರಡೂ ಥರದ್ದು ಹಾಕಲೇಬೇಕು, ಹೊಡಿಯೂವರಷ್ಟ ಅಲ್ಲ, ನೋಡಾಕ ಕುಂತ ಅವ್ವಂದಿರೂ. ಇನ್ನ ಬ್ರೇಕ್ ಅಂದ್ರ ಯಾವುದು? ಅಂಗಡಿಯಾಂವ ಇಟ್ಟ ಹೆಸರು ನಮಗ ಬ್ಯಾಡ. ಗ್ಯಾಸನ್ನ ಬಾಜೂಕ ಅಥವಾ ಹಿಂದಕ್ಕ ಹೊರಳಿಸೋದು ಏನ ಇದ್ರೂ ಅದು ಬ್ರೇಕ್. ಮುಂದಕ್ಕ ಕಳಿಸೋದು, ಸಪ್ರೆಸರ್, ಇವು ಅಲ್ಲ. ಈ ಸಾಲು ಬರದವಳು ನಾನ, ಅದಕ್ಕ ಸ್ವಲ್ಪ ಜಂಬ ಐತಿ. ಅಂಕಿ ಮಾತ್ರ ಎಲ್ಲಾರಿಗೂ ಒಂದ ಪಟ್ಟಿ, ಬ್ರೇಕಿನವರು ಬ್ಯಾರೆ ಜಾತಿ ಅಂತ ಮಾಡಲಿಲ್ಲ.

ಮತ್ತ ಯಾವ ಪಾಳಿ? "ಬ್ರೇಕಿನವರು ಯಾವತ್ತೂ ಎರಡನೇ ಪಾಳಿ" ಅಂದ್ರು, ಎಲ್ಲಾರೂ ಹೂಂ ಅಂದ್ರು. ಐದು ನಿಮಿಷದಾಗ ಮುಗೀತು. ಬ್ರೇಕ್ ಇಲ್ಲದವರ ಸಂಖ್ಯಾ ಹೆಚ್ಚಿತ್ತು, ಮುಗೀಲಾರದ ಏನು? ನಾನೂ ಬರಕೊಂಡು ಬಂದೆ.

ಟೆಕ್ಸಾಸ್ ಬಿಸಲು ನೀವು ಕಂಡಿಲ್ಲ. ಜೂನಿನ್ಯಾಗ ಮುಂಜಾನೆ ಎಂಟೂವರಿಗೆ ಮೊದಲ ಪಾಳಿ ಅಂದ್ರ ನೆಳ್ಳು, ತಂಪು, ಗಾಳಿ ಇರೂದಿಲ್ಲ. ಎರಡನೇ ಪಾಳಿ ಬರೂ ಹೊತ್ತಿಗೆ ನೆಲ ಕಾದು, ದುರ್ಬೀನಿನ್ಯಾಗ ಬಿಸಿಲುಗುದರಿ ಓಡಾಕ ಹತ್ತತಾವ. ಕರಿ ಚುಕ್ಕಿ ನೀರಾಗಿನ ದೀಪದಂಗ ಅಲಗಾಡ್ತೈತಿ, ಗಾಳಿ ಕ್ಷಣಕ್ಕೊಂದು ದಿಕ್ಕು. ಅಂಕಿ ಬೀಳೂದು ಖಾತ್ರಿ. ಒಟ್ಟು ಮನಿಯಾಗ ಇದ್ದವರಿಗೆ ಇದು ತಿಳೀತೈತಿ. ಬಚ್ಚಲದ ಹಂಡೆದಾಗ ನೀರು ಎಲ್ಲಾರದೂ ಹೌದು, ಆದ್ರ ದಿನಾ ಕಡೀಕ ಸ್ನಾನಕ್ಕ ಹೋಗಾಕಿಗೆ ಸಿಗೂದು ಉಗುರುಬೆಚ್ಚಗಿನ ನೀರು. ಆಕಿಗೆ ಜಾಗಾ ಕೊಟ್ಟೀವಿ ಅಂತ ಹೇಳಬಹುದು, ಬಿಸಿನೀರು ಕೊಟ್ಟೀವಿ ಅನ್ನಾಕ ಬರೂದಿಲ್ಲ.

ಆ ವಾರ ಊರಿಗೆ ವಿಡಿಯೋ ಫೋನ್ ಮಾಡಿದೆ. ಅಪ್ಪಗ ಈಗ ಏನೂ ಕೇಳಸೂದಿಲ್ಲ. ಮಗ್ಗದ ಸಪ್ಪಳ 90 ಡೆಸಿಬಲ್ ದಾಟ್ತೈತಿ, ಮೂವತ್ತು ವರ್ಷ ಅದರಾಗ ನಿಂತ ಕಿವಿ ಅದು. ಕಿವಿಯೊಳಗ ಶಂಖದಂಥ ಭಾಗ ಐತಿ, ಅದರಾಗ ಕೂದಲಿನಂಥ ಸಣ್ಣ ಎಳಿ ಇರ್ತಾವ, ಒಮ್ಮೆ ಸತ್ತು ಅಂದ್ರ ಮತ್ತ ಹುಟ್ಟೂದಿಲ್ಲ. ಯಂತ್ರ ಕೊಡಿಸೀವಿ, ಅದು ಕಪಾಟಿನ ಖಾನ್ಯಾಗ ಕುಂತೈತಿ. ನಾನು ಅಪ್ಪ ಮಾತಾಡೂದು ಹಾಳಿ ಮ್ಯಾಲೆ. ನಾ ದೊಡ್ಡ ಅಕ್ಷರದಾಗ ಬರದು ಕ್ಯಾಮೆರಾಕ್ಕ ಹಿಡೀತೀನಿ, ಅಪ್ಪ ಓದಿ ಬಾಯಿಲೆ ಉತ್ತರ ಹೇಳ್ತಾನ.

ಬರದೆ: "ಕಾಕುನ ಮಗಳ ಬಾಣಂತನದಾಗ ಮಗ್ಗ ನಿಲ್ಲಿಸಿದ್ದೆಲ್ಲ, ನೇಯೂ ಇಬ್ಬರಿಗೆ ಆ ಮೂರು ತಾಸಿಂದು ಏನ ಕೊಟ್ಟಿ?"

ಅವರಿಬ್ಬರಿಗೂ ಕೂಲಿ ಗಜದ ಲೆಕ್ಕದ ಮ್ಯಾಲೆ. ಮಗ್ಗ ನಿಂತ್ರ ಕೂಲಿ ನಿಂತಂಗ. ಇಷ್ಟು ವರ್ಷ ಈ ಕಥಿ ಹೇಳೀನಿ, ಆ ಇಬ್ಬರು ಮಧ್ಯಾಹ್ನ ಕಟ್ಟಿ ಮ್ಯಾಲೆ ಸುಮ್ಮನ ಕುಂತಿದ್ದು ನನ್ನ ಕಣ್ಣಾಗ ಐತಿ, ಆದ್ರ ಕಥಿಯೊಳಗ ಅವರನ್ನ ತಂದಿರಲಿಲ್ಲ.

ಅಪ್ಪ ಕನ್ನಡಕ ಸರಿ ಮಾಡ್ಕೊಂಡು ಎರಡು ಸಲ ಓದಿದ. "ಏನೂ ಕೊಡಲಿಲ್ಲ" ಅಂದ. ಸ್ವಲ್ಪ ತಡದು, "ಕೊಡಬೇಕಾಗಿತ್ತು" ಅಂದ. ಅವ್ವ ಬಾಜೂದಿಂದ, "ಈಗ್ಯಾಕ ಅದು, ಅವಗ ಬಿ.ಪಿ. ಐತಿ" ಅಂತ ಫೋನ್ ಕಸಕೊಂಡ್ಲು.

ಜೂನ್ ಸಭಾದಾಗ ನಾ ಆ ವಿಷಯ ತಿರುಗಿ ಎತ್ತಿದೆ. ಒಂದು ತಿಂಗಳು ಬ್ರೇಕಿನವರು ಮೊದಲು, ಮುಂದಿನ ತಿಂಗಳು ಕಡೀಕ, ಹಿಂಗ ತಿರುಗಲಿ ಅಂದೆ. ಗದ್ದಲ ಆತು. "ಸಪ್ಪಳ ಮಾಡೂವರು ಅವರು, ನಾವ್ಯಾಕ ಬಿಸಲಾಗ ಮಲಗಬೇಕು?" ಅಂದ್ರು. ಅದರಾಗೂ ನ್ಯಾಯ ಇಲ್ಲ ಅಂತ ನಾ ಹೇಳೂದಿಲ್ಲ. ಆದ್ರ ಬ್ರೇಕಿನ ಸಪ್ಪಳದಿಂದ ಅವರ ಕಿವಿ ಉಳಿಸಾಕ ಪಾಳಿ ಬ್ಯಾರೆ ಮಾಡಿದ್ದಾತು, ಆ ಲೆಕ್ಕ ಅಲ್ಲಿಗೆ ಮುಗೀತು. ಅದರ ಮ್ಯಾಲೆ ಬಿಸಲಿನ ದಂಡ ಹಾಕೂದು ಕಿವಿ ಸಲುವಾಗಿ ಅಲ್ಲ, ಸಿಟ್ಟಿನ ಸಲುವಾಗಿ. ನಾ ಇದನ್ನ ನನ್ನ ಮಗನ ಸಲುವಾಗಿ ಹೇಳ್ತೀನಿ ಅಂತ ಇಬ್ಬರು ಅಂದ್ರು. ಅಂದುಕೊಳ್ಳಲಿ. ಕೈ ಎತ್ತಿದ್ರ ಐದು, ಬ್ಯಾಡ ಅಂದವರು ಮೂರು, ನಾ ಎತ್ತಲಿಲ್ಲ. ಬ್ಯಾಡ ಅಂದವರಾಗ ಒಬ್ಬರು ಆವತ್ತಿನಿಂದ ಕ್ಲಬ್ಬಿಗೆ ಬಂದಿಲ್ಲ. ನಾಲ್ಕು ವರ್ಷದಿಂದ ಗುರುತು, ನನಗ ಬೇಜಾರ ಐತಿ.

ನರ್ಸಬಾಯಿ ಹೂಂ ಅಂತ ಕೈ ಎತ್ತಿದವರಾಗ ಇದ್ರು. ಅದನ್ನ ನಾ ಅಂದುಕೊಂಡಿರಲಿಲ್ಲ.

ಜುಲೈ ಬ್ರೇಕಿನವರು ಕಡೀಕ ಹೋಗೂ ತಿಂಗಳು. ಹನ್ನೊಂದೂವರಿ, ಕಾರಿನ್ಯಾಗಿನ ಅಂಕಿ 38 ಡಿಗ್ರಿ. ಮಗನ ಗುಂಡು ಚಾಳಣಿಯೊಳಗಿನ ಹಿಟ್ಟಿನಂಗ ಚೆಲ್ಲಾಪಿಲ್ಲಿ. ಎರಡು ವಾರ ನನ್ನ ಜೋಡಿ ಹೂಂ, ಊಂಹೂಂ ಬಿಟ್ರ ಮಾತಿಲ್ಲ. "ನೀನ ಬರದ ನಿಯಮ" ಅಂತ ಒಂದು ಸಲ ಅಂದ, ಬಾಗಲಾ ಹಾಕ್ಕೊಂಡ. ಆಗಸ್ಟ್‌ನ್ಯಾಗ ಮುಂಜಾನೆ ತಂಪಿನ್ಯಾಗ ಹೊಡದು ಎರಡನೇ ಸ್ಥಾನ ಬಂದಾಗ ಅದು ಯಾರ ಬರದ ನಿಯಮ ಅಂತ ಮಾತ್ರ ಅನ್ನಲಿಲ್ಲ. ಅವತ್ತ ನರ್ಸಬಾಯಿ ಬಿಸಲಾಗ ಮಲಗಿ ಹೊಡದು, ಮಾರಿ ಕೆಂಪ ಮಾಡ್ಕೊಂಡು ಎದ್ರು. ನಾ ಮಜ್ಜಿಗಿ ಕೊಟ್ಟೆ. ಕುಡದು, ಇದರಾಗ ಏನ ಹಾಕೀ ಅಂತ ಕೇಳಿದ್ರು. ಶುಂಠಿ, ಜೀರಗಿ, ಒಂಚೂರು ಇಂಗು ಅಂತ ಹೇಳಿದೆ.

ಆಮ್ಯಾಲೆ ಅವರು ಒಂದು ಮಾತು ಹೇಳಿದ್ರು. 300 ಗಜಕ್ಕ ನಿಮ್ಮ ಹುಡುಗಗ ಅಷ್ಟು ದೊಡ್ಡ ಗುಂಡು ಯಾಕ ಬೇಕು? .223 ಅನ್ನೋ ಸಣ್ಣ ಗುಂಡಿನ ಬಂದೂಕು ಸಾಕು. ಅದು ಒದಿಯೂದ ಭಾಳ ಕಮ್ಮಿ, ಬ್ರೇಕೇ ಬೇಕಾಗಂಗಿಲ್ಲ. ತಮ್ಮ ಹತ್ರ ಹಳೇದೊಂದು ಐತಿ, ನೀವಿಬ್ಬರೂ ಅಪ್ಪ-ಅವ್ವ ಬಾಜೂಕ ಇದ್ದು ಹೊಡಸೂದಿದ್ರ ಪಂದ್ಯದ ದಿವಸ ಕೊಡ್ತೀನಿ ಅಂದ್ರು. ಎರಡು ವರ್ಷದ ಹಿಂದ ಬಂದೂಕು ಕೊಡಸೂ ಮುಂದ ಅಂಗಡಿಯಾಗ ಈ ಮಾತು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಗೊತ್ತಿಲ್ಲದವರು ದೊಡ್ಡದ ಛಲೋ ಅಂತ ತಗೋತಾರ.

ಮಗಗ ಹೇಳೀನಿ. "ಆ ಆಂಟಿ ಬಂದೂಕು ನನಗ್ಯಾಕ" ಅಂದ. ಅಂದ ಮ್ಯಾಲೆ ರಾತ್ರಿ ಕಂಪ್ಯೂಟರಿನ್ಯಾಗ .223 ಗುಂಡು 300 ಗಜಕ್ಕ ಗಾಳಿಯಾಗ ಎಷ್ಟು ಸರಿತೈತಿ ಅನ್ನೋ ಪಟ್ಟಿ ತಗದು ನೋಡಾಕ ಹತ್ತಿದ್ದ. ನಾ ನೋಡಿಲ್ಲದಂಗ ಹೋಗಿ ಮಲಗಿದೆ.

ಈ ಶನಿವಾರ ಮತ್ತ ಪಂದ್ಯ ಐತಿ. ಅದಕ್ಕಿಂತ ಮದಲ ಒಬ್ಬಾಂವ ಪತ್ರ ಬರದಾನ, ತನ್ನ ಬಂದೂಕಿಗೆ ಇರೂದು ಬ್ರೇಕ್ ಅಲ್ಲ, ಬೆಂಕಿ ಕಾಣಲಾರದಂಗ ಮಾಡೂ ಸಾಮಾನು, ತನ್ನನ್ನ ಬ್ರೇಕಿನ ಪಾಳಿಗೆ ಯಾಕ ಹಾಕೀರಿ ಅಂತ. ಸೀಳು ಎಲ್ಲೆಲ್ಲಿ ಅದಾವ ಅಂತ ಫೋಟೋ ಕಳಸ್ರಿ ಅಂದೀನಿ. ದಪಾಟಿಗೆ ಹಿಟ್ಟು ನಾದೂದೈತಿ, ಶೇಂಗಾ ಚಟ್ನಿ ಆಗೈತಿ. ನರ್ಸಬಾಯಿಗೂ ಎರಡು ಹೆಚ್ಚಿಗಿ ಕಟ್ಟಬೇಕು, ಖಾರ ಕಮ್ಮಿ ಹಾಕಿ.